ಉಸಿರಿಲ್ಲದ ದನಿ

ಅದೇ ಹನ್ನೊಂದು ಸೆಕೆಂಡುಗಳನ್ನು ಐಲಾ ಕಂಗಾಸ್ ಇಪ್ಪತ್ತನೆಯ ಸಲ ಕೇಳಿದಳು.

"ಐಲಾನಾ? ಕೆಲಸ ಗೊತ್ತಿದೆ, ಇಲ್ಲ ಅನ್ನಲ್ಲ. ಆದ್ರೆ ಹೇಳಿದ ದಿನಕ್ಕೆ ಕೊಡೋಳಲ್ಲ. ನಮ್ಮಲ್ಲಿ ಎರಡು ಸಲ ಅರ್ಧಕ್ಕೇ ಬಿಟ್ಟು ಹೋದ್ಲು. ನಾನಾಗಿದ್ರೆ ಇನ್ನೊಂದ್ಸಲ ಕರೆಯಲ್ಲ."

ದನಿ ತೌ ಷ್ಯೋಂಗನದು, ಅದರಲ್ಲಿ ಎರಡು ಮಾತಿಲ್ಲ. ಪಕ್ಕದ ಕೋಣೆಯ ತೌ. ವಿಡಿಯೊ ಮಾಡಿ ಹೊಟ್ಟೆ ಹೊರೆಯುವ, ಸೇಂಟ್ ಪಾಲ್‌ನಿಂದ ಅವನಮ್ಮ ಕಳಿಸಿದ ಎಗ್‌ರೋಲುಗಳಲ್ಲಿ ಅರ್ಧವನ್ನು ಕೇಳದೆಯೇ ಅವಳ ತಟ್ಟೆಗೆ ಹಾಕುವ ತೌ.

ಹತ್ತು ವಾರದಲ್ಲಿ ಮೂರು ಕೆಲಸಗಳು ಕೈಗೆ ಬಂದಂತೆ ಮಾಡಿ ಜಾರಿಹೋಗಿದ್ದವು, ಮೂರೂ ಜಾರಿದ್ದು ನಾರ್ತ್ ಪಿಯರ್ ಮೀಡಿಯಾ ಕಂಪನಿಗೆ ಒಂದು ಫೋನು ಹೋದ ಮೇಲೆ.

ಈ ನಾರ್ತ್ ಪಿಯರ್ ಮೀಡಿಯಾ ಬಗ್ಗೆ ಒಂದು ಮಾತು ಹೇಳಿಬಿಡಬೇಕು. ಅಂಥದ್ದೊಂದು ಕಂಪನಿಯೇ ಇಲ್ಲ.

ಅದಕ್ಕೆ ಫೋನ್ ನಂಬರಿದೆ, ಚೆಂದದ ಲೆಟರ್‌ಹೆಡ್ ಇದೆ, ಸದಾ ಮೀನು ಹಿಡಿಯಲು ಹೋಗಿರುವ ಹಾಲ್ವರ್ಸನ್ ಎಂಬ ಮಾಲೀಕನಿದ್ದಾನೆ. ಕಚೇರಿ ಮಾತ್ರ ಬೆಲ್ ಹೌಸಿನ ಅಡುಗೆಮನೆ ಪಕ್ಕದಲ್ಲಿ ಕೋಟು ನೇತುಹಾಕುವ ಪುಟ್ಟ ಕೋಟು ಕೋಣೆ. ಡುಲೂತ್ ಊರಿನ ಈ ಬೆಲ್ ಹೌಸ್ ಹಿಂದೆ ಕ್ರೈಸ್ತ ಸನ್ಯಾಸಿನಿಯರು ನಡೆಸುತ್ತಿದ್ದ ಹೆಣ್ಣುಮಕ್ಕಳ ಶಾಲೆ. ಈಗ ಅಲ್ಲಿ ಒಂಬತ್ತು ಕೋಣೆ, ಒಂಬತ್ತು ಜನ, ಒಂದೇ ಅಡುಗೆಮನೆ. ಒಬ್ಬರಿಗೂ ನೌಕರಿಯಿಲ್ಲ, ಎಲ್ಲರೂ ತಮ್ಮ ತಮ್ಮ ಹೆಸರಿನಲ್ಲಿ ಬಿಡಿ ಕೆಲಸ ಹಿಡಿಯುವವರು.

ಹೊಸಬರಿಗೆ ಕೆಲಸ ಕೊಡುವ ಮೊದಲು ಗಿರಾಕಿ ಕೇಳುವ ಮಾತು ಒಂದೇ: ಹಿಂದೆ ಯಾರ ಹತ್ತಿರ ಮಾಡಿದ್ದೆ, ನಂಬರು ಕೊಡು. ಹುಚ್ಚು ಬಿಡದೆ ಮದುವೆಯಾಗುವುದಿಲ್ಲ, ಮದುವೆಯಾಗದೆ ಹುಚ್ಚು ಬಿಡುವುದಿಲ್ಲ. ಆ ಗಂಟನ್ನು ಬಿಚ್ಚಲು ಯಾರೋ ಹಳಬರು ನಾರ್ತ್ ಪಿಯರ್ ಹುಟ್ಟಿಸಿದ್ದರು. ಫೋನು ಬಂದಾಗ ಮನೆಯಲ್ಲಿ ಯಾರಿರುತ್ತಾರೋ ಅವರು ಎತ್ತಬೇಕು, ಹಾಲ್ವರ್ಸನ್ ಕಚೇರಿ ಎನ್ನಬೇಕು, ವಿಚಾರಿಸಿದ್ದು ಯಾರನ್ನೇ ಆಗಲಿ ಹೆತ್ತ ಮಗುವಿನಂತೆ ಹೊಗಳಬೇಕು. ತನ್ನ ಬಗ್ಗೆ ವಿಚಾರಿಸುವ ಫೋನನ್ನು ತಾನೇ ಎತ್ತುವಂತಿಲ್ಲ. ಐಲಾ ಕೂಡ ಎರಡು ಸಲ ಎತ್ತಿ ಬಾಯ್ತುಂಬ ಹೊಗಳಿದ್ದಳು.

ಹಾಗಾಗಿ ಈಗ ದೂರು ಕೊಡುವುದಾದರೂ ಯಾರಿಗೆ? ನನ್ನ ಸುಳ್ಳು ಕಂಪನಿಯವರು ನನ್ನ ಮೇಲೆ ಸುಳ್ಳು ಹೇಳಿದರು ಎಂದು ಯಾವ ಮುಖವಿಟ್ಟುಕೊಂಡು ಹೇಳುವುದು?

ಮೂರನೆಯ ಗಿರಾಕಿ, ಮಿನಿಯಾಪೊಲಿಸ್‌ನ ಒಬ್ಬ ನಿರ್ಮಾಪಕಿ, ಒಳ್ಳೆಯ ಹೆಂಗಸು. ಹೋದ ಗುರುವಾರ ಬೆಳಿಗ್ಗೆ ನಡೆದ ಆ ಮಾತುಕತೆ ತಮ್ಮ ಕಡೆ ರೆಕಾರ್ಡ್ ಆಗಿದೆ, ನಿನ್ನ ಬೆನ್ನ ಹಿಂದೆ ಏನು ಹೇಳುತ್ತಿದ್ದಾರೆಂದು ನಿನಗೆ ತಿಳಿದಿರಲಿ ಎಂದು ಎರಡು ಸಾಲು ಬರೆದು ಆ ರೆಕಾರ್ಡನ್ನೂ ಸೋಮವಾರ ಕಳಿಸಿದ್ದಳು.

ಇಂದು ಬುಧವಾರ. ಶುಕ್ರವಾರ ಮನೆಯ ಸಭೆ. ಬೆಲ್ ಹೌಸಿನಲ್ಲಿ ಹೊಸಬರಿಗೆ ಮೂರು ತಿಂಗಳ ಗಡುವು, ಐಲಾಳದು ಆ ಸಭೆಗೆ ಮುಗಿಯುತ್ತದೆ. ಅಷ್ಟರಲ್ಲಿ ಒಬ್ಬ ನಿಜವಾದ ಗಿರಾಕಿಯ ಹೆಸರನ್ನು ಅಡುಗೆಮನೆಯ ಹಲಗೆಯ ಮೇಲೆ ಬರೆಯದಿದ್ದರೆ ಕೋಣೆ ಮುಂದಿನವರಿಗೆ. ಐಲಾಗೆ ಉಳಿದಿದ್ದು ಒಂದೇ ಆಸೆ. ಸರೋವರದ ಉತ್ತರ ದಂಡೆಯ ದೀಪಸ್ತಂಭ ಮ್ಯೂಸಿಯಮ್ಮಿಗೆ ಬರುವವರ ಕಿವಿಗೆ ಕಥೆ ಹೇಳುವ ಧ್ವನಿಮಾಲೆಯ ಕೆಲಸ. ಅಲ್ಲಿಯ ಮಿಸೆಸ್ ಪೆಲ್ಟೋಲಾ ಇಂದು ಮಧ್ಯಾಹ್ನ ಒಂದು ಗಂಟೆಗೆ ನಾರ್ತ್ ಪಿಯರ್‌ಗೆ ಫೋನ್ ಮಾಡುತ್ತೇನೆ ಎಂದಿದ್ದಳು. ಅದೂ ತಪ್ಪಿದರೆ ಎವೆಲೆತ್‌ನಲ್ಲಿ ಅಮ್ಮನ ಟ್ರೇಲರು ಮನೆ, ಅದರ ಸೋಫಾ, ಮತ್ತು ಅಮ್ಮನ 'ನಾನು ಆಗಲೇ ಹೇಳಿರಲಿಲ್ವಾ'.

ಗಡಿಯಾರದಲ್ಲಿ ಹನ್ನೆರಡೂ ಐದು.

ಐಲಾ ಮತ್ತೆ ಕಿವಿಗೊಟ್ಟಳು. ಅವಳ ಕಸುಬು ಶಬ್ದ ಶುಚಿ ಮಾಡುವುದು. ಹಿಂದಿನ ಗಲಾಟೆ ಕಿತ್ತು ದನಿಯನ್ನು ಉಳಿಸುವುದು. ಈ ಸಲ ತಿರುವುಮುರುವು ಮಾಡಿದಳು: ದನಿಯನ್ನು ಕಿತ್ತೆಸೆದು ಹಿಂದಿನ ಗಲಾಟೆಯನ್ನು ಉಳಿಸಿಕೊಂಡಳು.

ಮೊದಲಿಗೆ ಬರೀ ಗುಂಯ್ ಎನ್ನುವ ಸದ್ದು. ಆಮೇಲೆ ದೂರದಿಂದ ಹಡಗಿನ ಕೂಗು, ಮೂರು ಉದ್ದ, ಎರಡು ಗಿಡ್ಡ. ಅದರ ಬೆನ್ನಿಗೇ ಎತ್ತುಸೇತುವೆಯ ಮರುಕೂಗು, ಅದೇ ಲೆಕ್ಕದಲ್ಲಿ.

ಡುಲೂತ್ ಬಂದರಿಗೆ ಬರುವ ಹಡಗು ಸೇತುವೆಗೆ ನಮಸ್ಕಾರ ಹೇಳುತ್ತದೆ, ಸೇತುವೆ ತಿರುಗಿ ಹೇಳುತ್ತದೆ. ಆ ಗುರುವಾರ ಬೆಳಿಗ್ಗೆ ಬಂದದ್ದು ಒಂದೇ ಒಂದು ಅದಿರು ಹಡಗು. ಬಂದರಿನ ಪಟ್ಟಿಯಲ್ಲಿ ಹೊತ್ತು ನಿಮಿಷದ ಸಮೇತ ಇತ್ತು: ಹನ್ನೊಂದೂ ನಲವತ್ತೆರಡು.

ಐಲಾ ಆ ಸಾಲನ್ನು ಎರಡು ಸಲ ಓದಿದಳು.

ಆ ಹೊತ್ತಿನಲ್ಲಿ ಅವಳು ಹಡಗು ಹಾಯುವ ಕಾಲುವೆಯ ಗೋಡೆಯ ಮೇಲೆ ಮೈಕು ಹಿಡಿದು ನಿಂತಿದ್ದಳು. ಆ ಕೂಗಿಗೆ ಬೆಚ್ಚಿ ಕಾಫಿಯನ್ನು ಕೈಗವಸಿನ ಮೇಲೆ ಚೆಲ್ಲಿಕೊಂಡಿದ್ದಳು. ಮೂರಡಿ ದೂರದಲ್ಲಿ ಎರಡೂ ಕೈಯಲ್ಲಿ ಕ್ಯಾಮೆರಾ ಹಿಡಿದು ಅವಳನ್ನು ನೋಡಿ ನಕ್ಕವನು ತೌ.

ದನಿ ತೌನದು, ಮಾತಾಡಿದವನು ತೌ ಅಲ್ಲ.

ಎರಡು ದಿನ ಅವನ ಮೇಲೆ ಹಲ್ಲು ಕಡಿದಿದ್ದಳು. ನಿನ್ನೆ ಅವನು ಬಾಗಿಲು ತಟ್ಟಿದಾಗ ಮಲಗಿದ್ದೇನೆ ಎಂದು ಸುಳ್ಳು ಹೇಳಿ ಕಳಿಸಿದ್ದಳು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತಾಯಿತಲ್ಲ ಎಂದು ನಾಚಿಕೆಯಾಯಿತು. ಕ್ಷಮೆ ಕೇಳೋಣವೆಂದರೆ ಅವನು ಬೆಳಿಗ್ಗೆಯೇ ಕ್ಯಾಮೆರಾ ಹೊತ್ತು ಎಲ್ಲೋ ಹೊರಟುಹೋಗಿದ್ದ.

ದನಿಯನ್ನು ಪರದೆಯ ಮೇಲೆ ಗೀಟುಗಳಾಗಿ ಹರಡಿ ನೋಡಿದಳು. ಮಾತು ಮಾತಿನ ನಡುವೆ ಇಸ್ತ್ರಿ ಹಾಕಿದ ಬಟ್ಟೆಯಂತೆ ಸಪಾಟು. ಏನೂ ಇಲ್ಲ.

ತೌ ಹೈಸ್ಕೂಲಿನಲ್ಲಿ ಹಾಕಿ ಆಡಿ ಮೂಗು ಮುರಿದುಕೊಂಡವನು. ಎರಡು ಮಾತಿಗೊಮ್ಮೆ ಅವನ ಮೂಗಿನಿಂದ ಸಣ್ಣ ಸೀಟಿ ಬರುತ್ತದೆ. ಅವನ ವಿಡಿಯೊಗಳಿಗಾಗಿ ಎಂಟು ವಾರ ಕೂತು ಆ ಸೀಟಿಗಳನ್ನು ಒಂದೊಂದಾಗಿ ಹೆಕ್ಕಿ ತೆಗೆದವಳು ಐಲಾ. ನಾಲ್ಕು ಗಂಟೆಯ ಮಾತು, ಅಕ್ಕಿಯಲ್ಲಿ ಕಲ್ಲು ಆರಿಸಿದಂತೆ. ಮನುಷ್ಯ ಸುಳ್ಳು ಹೇಳುವಾಗಲೂ ಉಸಿರಾಡಬೇಕು. ಫೋನಿನಲ್ಲಿ ಮಾತಾಡಿದ ತೌಗೆ ಉಸಿರೇ ಇರಲಿಲ್ಲ.

ಈಗಿನ ಕಾಲದಲ್ಲಿ ಒಬ್ಬರ ದನಿಯ ಮಾದರಿಯನ್ನು ಕಂಪ್ಯೂಟರಿಗೆ ತಿನ್ನಿಸಿದರೆ, ನೀವು ಏನೇ ಮಾತಾಡಿ, ಅದು ಅವರ ದನಿಯಲ್ಲಿ ಹೊರಗೆ ಬರುತ್ತದೆ. ಯಾರೋ ತಿನ್ನಿಸಿದ್ದರು. ತಿನ್ನಿಸಿದ್ದು ಉಸಿರು ಕಿತ್ತ ಮಾದರಿಯನ್ನು, ಅಂದರೆ ಐಲಾಳ ಕೈಯಲ್ಲೇ ಶುಚಿಯಾದದ್ದನ್ನು.

ಹೊರಗೆ ಹೋದ ವಿಡಿಯೊಗಳಲ್ಲೆಲ್ಲ ಸಂಗೀತ ಬೆರೆತಿತ್ತು. ಶುಚಿಯಾದ ದನಿ ತೌ ಕೈಗೂ ಹೋದದ್ದು ಸಂಗೀತ ಬೆರೆತೇ. ಶುಚಿ ಮಾಡಿದ ಬರೀ ದನಿಯಿದ್ದ ಫೋಲ್ಡರಿಗೆ ಪಾಸ್‌ವರ್ಡ್ ಗೊತ್ತಿದ್ದವರು ಇಬ್ಬರು. ಒಬ್ಬಳು ಅವಳೇ.

ಇನ್ನೊಬ್ಬಳ ಹೆಸರನ್ನು ಮನಸ್ಸಿನಲ್ಲಿ ಹೇಳಿಕೊಳ್ಳಲು ಐಲಾಗೆ ಸ್ವಲ್ಪ ಹೊತ್ತು ಹಿಡಿಯಿತು. ಮಾರಿತ್ ಓಡೆಗಾರ್.

ಎವೆಲೆತ್‌ನ ರೇಡಿಯೊದಲ್ಲಿ ಇಬ್ಬರೂ ನಾಲ್ಕು ವರ್ಷ ಅಕ್ಕಪಕ್ಕ ಕೂತು ಹವಾಮಾನ ವರದಿ ಓದಿಸಿದವರು. ಮೂರು ವರ್ಷದ ಕೆಳಗೆ ಮಾರಿತ್ ನೌಕರಿ ಬಿಟ್ಟು ಇಲ್ಲಿಗೆ ಬಂದಳು. ಅಂದಿನಿಂದ ಪ್ರತಿ ಭಾನುವಾರ ಫೋನ್ ಮಾಡಿ ನೀನೂ ಬಾ ಎಂದು ಪೀಡಿಸಿದವಳು ಅವಳೇ. ಐಲಾ ಬಂದಾಗ ಕೋಣೆ ಖಾಲಿಯಿರಲಿಲ್ಲ. ಮಾರಿತ್ ಹದಿನೈದು ದಿನ ತನ್ನ ಹಾಸಿಗೆಯಲ್ಲಿ ಅರ್ಧ ಕೊಟ್ಟಿದ್ದಳು. ತೌನ ವಿಡಿಯೊಗಳಿಗೆ ಪರದೆಯ ಕೆಳಗಿನ ಸಾಲು ಬರೆಯುವುದು ಅವಳ ಕೆಲಸ, ದನಿ ಕೇಳಬೇಕಲ್ಲ ಎಂದು ಐಲಾ ಪಾಸ್‌ವರ್ಡ್ ಕೊಟ್ಟಿದ್ದಳು. ಕೊಡುವಾಗ ಯೋಚನೆ ಕೂಡ ಮಾಡಿರಲಿಲ್ಲ.

ಇನ್ನೊಂದು ಮಾತು ಉಳಿದಿತ್ತು. ಐಲಾ ಕೆಳಗಿಳಿದು ಲೋರ್ನಾ ಬೋಲಿಯೂ ಬಳಿ ಹೋದಳು. ಲೋರ್ನಾ ಮನೆಯ ಮೇಲ್ವಿಚಾರಕಿ, ಅರವತ್ತು ದಾಟಿದ ಹೆಂಗಸು. ಕೋಟು ಕೋಣೆಯಲ್ಲಿ ನಡೆಯುವ ಕಂಪನಿ ವ್ಯವಹಾರ ತನಗೆ ಗೊತ್ತೇ ಇಲ್ಲವೆಂದು ಎಲ್ಲರೂ ನಂಬಬೇಕೆಂಬುದು ಆಕೆಯ ಹಟ. ಹೋದ ಗುರುವಾರ ಮಧ್ಯಾಹ್ನದೊಳಗೆ ಮನೆಯಲ್ಲಿ ಯಾರಿದ್ದರು ಎಂದು ಐಲಾ ಕೇಳಿದಳು. ಅಂದು ಅಡುಗೆ ಸರದಿ ಮಾರಿತ್‌ಳದು, ಅವಳೊಬ್ಬಳೇ ಇದ್ದಳು, ಕಾಡಕ್ಕಿ ಸೂಪನ್ನು ತಳ ಹಿಡಿಸಿ ನನ್ನ ದೊಡ್ಡ ಪಾತ್ರೆ ಹಾಳು ಮಾಡಿದಳು ಎಂದು ಲೋರ್ನಾ ಇನ್ನೂ ಆರದ ಸಿಟ್ಟಿನಲ್ಲಿ ಹೇಳಿದಳು.

ಸೂಪು ಯಾಕೆ ತಳ ಹಿಡಿಯಿತೆಂದು ಐಲಾಗೆ ಹೇಳಬೇಕಾಗಿರಲಿಲ್ಲ.

ಮಾರಿತ್ ಅಡುಗೆಮನೆಯಲ್ಲಿ ಬಾಗಿಲಿಗೆ ಬೆನ್ನು ಮಾಡಿ ನಿಂತು ಗೆಡ್ಡೆ ಹೆಚ್ಚುತ್ತಿದ್ದಳು. ಹಲಗೆಯ ಮೇಲೆ ಅವಳ ಹೆಸರಿನ ಮುಂದೆ ಈ ತಿಂಗಳು ಗೆದ್ದ ಎರಡು ಕೆಲಸಗಳಿದ್ದವು. ಐಲಾಳ ಹೆಸರಿನ ಮುಂದೆ ಖಾಲಿ.

"ಬಾರೇ, ಈರುಳ್ಳಿ ಸುಲಿದುಕೊಡು. ಒಂದು ಗಂಟೆಗೆ ನಿನ್ನ ಫೋನು ತಾನೆ? ನಾನೇ ಎತ್ತೀನಿ, ಹೆದರ್ಬೇಡ."

ಐಲಾ ತನ್ನ ಫೋನನ್ನು ಮೇಜಿನ ಮೇಲಿಟ್ಟು ಒತ್ತಿದಳು. ಉಸಿರಿಲ್ಲದ ತೌ ಹನ್ನೊಂದು ಸೆಕೆಂಡು ಮಾತಾಡಿ ಮುಗಿಸಿದ.

ಚಾಕು ನಿಂತಿತು. ಮಾರಿತ್ ತಿರುಗಲಿಲ್ಲ.

"ತೌ ಹೀಗೆ ಮಾತಾಡ್ತಾನೆ ಅಂದ್ಕೊಂಡಿರ್ಲಿಲ್ಲ," ಎಂದಳು.

"ನಾನೂ ಅಂದ್ಕೊಂಡಿರ್ಲಿಲ್ಲ. ಅವನು ಆಗ ನನ್ನ ಪಕ್ಕದಲ್ಲಿ ನಿಂತಿದ್ದ. ಹಿಂದೆ ಹಡಗು ಕೂಗ್ತಾ ಇದೆ, ಕೇಳಿಸ್ತಾ? ಅವತ್ತು ಮನೇಲಿದ್ದೋಳು ನೀನೊಬ್ಬಳೇ ಅಂತ ಲೋರ್ನಾ ಹೇಳಿದ್ರು. ಅವನ ಬರೀ ದನಿ ಇರೋ ಜಾಗದ ಪಾಸ್‌ವರ್ಡ್ ನಾನು ಕೊಟ್ಟಿದ್ದೂ ನಿನಗೊಬ್ಬಳಿಗೇ."

ಮಾರಿತ್ ಹಲಗೆಯ ಕಡೆ ನೋಡಿದಳು, ಬಾಗಿಲಿನ ಕಡೆ ನೋಡಿದಳು, ಕೊನೆಗೆ ಕೈ ಒರೆಸಿಕೊಂಡು ಕುರ್ಚಿಯ ಮೇಲೆ ಕೂತಳು. ಅಳುತ್ತಾಳೆ ಎಂದು ಐಲಾ ಎಣಿಸಿದ್ದಳು. ಅಳಲಿಲ್ಲ.

"ನನ್ನ ದನಿ ಅವರಿಗೆ ಗೊತ್ತು ಕಣೇ," ಎಂದಳು. "ಆ ನಿರ್ಮಾಪಕಿ ಹತ್ರ ಎರಡು ವರ್ಷದಿಂದ ಕೆಲಸ ಕೇಳ್ತಾ ಇದೀನಿ. ನನ್ನ ದನೀಲಿ ಮಾತಾಡೋ ಹಾಗಿರ್ಲಿಲ್ಲ."

ಐಲಾ ತಿಳಿಯಬೇಕೆಂದಿದ್ದು ಯಾಕೆ ಎಂದು. ಮಾರಿತ್ ಉತ್ತರಿಸಿದ್ದು ಹೇಗೆ ಎಂಬುದಕ್ಕೆ. ಅದೇ ಐಲಾಳ ಎದೆಗೆ ಹೆಚ್ಚು ಚುಚ್ಚಿತು.

"ಅವರು ಕೆಲಸ ಕೊಡೋ ಬದಲು ನಂಗೆ ನಿನ್ನ ಬಗ್ಗೆ ಬರೆದಿದ್ರು," ಎಂದು ಮಾರಿತ್ ತಾನಾಗಿಯೇ ಮುಂದುವರಿಸಿದಳು. "ನಿನ್ನ ಗೆಳತಿ ಐಲಾ ನಮಗೆ ತುಂಬ ಹಿಡಿಸಿದಾಳೆ, ಪರಿಚಯ ಮಾಡಿಸಿದ್ದಕ್ಕೆ ಥ್ಯಾಂಕ್ಸ್ ಅಂತ. ನಂಗೆ, ಥ್ಯಾಂಕ್ಸ್. ನೀನು ಬಂದು ಆರು ವಾರ ಆಗಿತ್ತು. ನಾನು ಮೂರು ವರ್ಷದಿಂದ ಇಲ್ಲಿ ಗೆಡ್ಡೆ ಹೆಚ್ತಾ ಇದೀನಿ."

"ಹಲಗೆ ಮೇಲೆ ಎರಡು ಕೆಲಸ ಬರ್ಕೊಂಡಿದೀಯಲ್ಲ."

"ಸುಳ್ಳು. ಹೋದ ತಿಂಗಳದ್ದೂ ಸುಳ್ಳು."

ಐಲಾಗೆ ಒಂದು ಗಳಿಗೆ ಮರುಕ ಬಂತು, ಮರುಗಳಿಗೆಗೆ ಅದರ ಮೇಲೇ ಸಿಟ್ಟು ಬಂತು. ಬೇಲಿಯೇ ಎದ್ದು ಹೊಲ ಮೇಯ್ದು, ಆಮೇಲೆ ನನಗೂ ಹಸಿವಾಗಿತ್ತು ಎಂದರೆ ಹೊಲದವಳು ಏನು ಮಾಡಬೇಕು? ಅವಳು ಕೂಗಾಡಲಿಲ್ಲ. ಅವಳಿಗೆ ಕೂಗಾಡಲು ಬರುತ್ತಿರಲಿಲ್ಲ. ನೀನು ಕರೆದೆಯೆಂದು ನೌಕರಿ ಬಿಟ್ಟು ಬಂದೆ, ನಿನ್ನ ಬೂಟು ಹಾಕಿಕೊಂಡು ನಿನ್ನ ಹಾಸಿಗೆಯಲ್ಲಿ ಮಲಗಿದೆ, ಎರಡು ಕೆಲಸ ಹೋದಾಗ ನಿನ್ನ ಹೆಗಲ ಮೇಲೇ ಅತ್ತೆ, ನೀನು ಬೆನ್ನು ಸವರಿದೆ ಎಂದು ಮೆಲ್ಲಗೆ, ಒಂದೊಂದಾಗಿ ಹೇಳಿದಳು.

"ಮೂರು ಸಲ ಮಾರಿತ್. ಮೂರು ಸಲ ಫೋನೆತ್ತಿ ನನ್ನ ಅನ್ನಕ್ಕೆ ಮಣ್ಣು ಹಾಕಿ, ಸಂಜೆ ನಂಗೆ ಸೂಪು ಬಡಿಸ್ದೆ."

ಮಾರಿತ್ ತಲೆಯೆತ್ತಿದಳು.

"ಮೂರಲ್ಲ. ಒಂದು."

"ಇನ್ನೂ ಸುಳ್ಳು ಯಾಕೆ?"

"ಮೊದಲ ಎರಡು ಹೋದಾಗ ನಂಗೂ ಅರ್ಥ ಆಗ್ಲಿಲ್ಲ ಕಣೇ. ನೀನು ಅತ್ತಾಗ ನಾನು ಅತ್ತಿದ್ದು ನಾಟಕ ಅಲ್ಲ. ಹೇಗೂ ಇವಳಿಗೆ ಯಾರೋ ಕಲ್ಲು ಹಾಕ್ತಾ ಇದಾರೆ, ನಂದೂ ಒಂದಿದ್ರೆ ಗೊತ್ತಾಗಲ್ಲ ಅಂತ ಆಮೇಲೆ ಹೊಳೀತು. ಅಷ್ಟೇ ನನ್ನ ಪಾಪ. ಬೇಕಾದ್ರೆ ನಂಬು."

ನಂಬುವುದು ಎಂಬ ಮಾತು ಆ ಬಾಯಲ್ಲಿ ಕೇಳಿ ಐಲಾಗೆ ನಗು ಬಂತು. ಒಮ್ಮೆ ಸಿಕ್ಕಿಬಿದ್ದವರೆಲ್ಲ ಹೇಳುವುದು ಇದೇ, ಒಂದೇ ಸಲ ಎಂದು. ಶುಕ್ರವಾರ ಎಲ್ಲರ ಮುಂದೆ ಇದನ್ನು ಹೇಳುತ್ತೀಯಾ ಎಂದು ಕೇಳಿದಳು. ಹೇಳಿದರೆ ಕಂಪನಿ ಮುಚ್ಚುತ್ತದೆ, ಒಂಬತ್ತು ಜನರೂ ಬೀದಿಗೆ ಬೀಳುತ್ತಾರೆ ಎಂದು ಮಾರಿತ್ ಮುಖ ತಿರುಗಿಸಿದಳು.

ಅಷ್ಟರಲ್ಲಿ ಕೋಟು ಕೋಣೆಯಲ್ಲಿ ಫೋನು ಬಡಿದುಕೊಂಡಿತು. ಒಂದು ಗಂಟೆ. ಮಿಸೆಸ್ ಪೆಲ್ಟೋಲಾ ಹೇಳಿದ ಹೊತ್ತಿಗೆ ಸರಿಯಾಗಿ.

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಮನೆಯಲ್ಲಿ ಲೋರ್ನಾ ಬಿಟ್ಟರೆ ಬೇರೆ ಯಾರೂ ಇಲ್ಲ, ಲೋರ್ನಾ ಆ ಫೋನನ್ನು ಜನ್ಮದಲ್ಲಿ ಎತ್ತುವವಳಲ್ಲ. ಐಲಾ ಎತ್ತುವಂತಿಲ್ಲ. ಅವಳ ದನಿ ಪೆಲ್ಟೋಲಾಗೆ ಗೊತ್ತು, ಹೋದ ವಾರವಷ್ಟೇ ಅರ್ಧ ಗಂಟೆ ಮಾತಾಡಿದ್ದರು. ಯಾರೂ ಎತ್ತದಿದ್ದರೆ ಕೆಲಸ ಹೋಯಿತು. ಕುತ್ತಿಗೆ ಕೊಯ್ದವಳ ಕೈಗೇ ಮತ್ತೆ ಕುತ್ತಿಗೆ ಕೊಡಬೇಕು, ಬೇರೆ ದಾರಿಯಿಲ್ಲ.

ಮೂರನೆಯ ರಿಂಗಿಗೆ ಐಲಾ ಹೇಳಿದಳು, "ಎತ್ತು. ಸ್ಪೀಕರ್ ಹಾಕು. ನಾನು ಪಕ್ಕದಲ್ಲೇ ನಿಂತಿರ್ತೀನಿ."

ಹಳೆಯ ಕೋಟಿನ ಗೂಟಗಳ ಕೆಳಗೆ, ಕಿಟಕಿಯಾಚೆ ಸರೋವರ ಕಾಣುವ ಆ ಇಕ್ಕಟ್ಟಿನಲ್ಲಿ ಇಬ್ಬರೂ ಹೆಗಲಿಗೆ ಹೆಗಲು ತಾಗಿಸಿ ನಿಂತರು. ಮಾರಿತ್ ರಿಸೀವರ್ ಎತ್ತಿ, ಸ್ಪೀಕರ್ ಗುಂಡಿ ಒತ್ತಿ ನಾರ್ತ್ ಪಿಯರ್ ಮೀಡಿಯಾ, ಹಾಲ್ವರ್ಸನ್ ಕಚೇರಿ ಎಂದಳು. ಪೆಲ್ಟೋಲಾ ತನ್ನ ಹೆಸರು ಹೇಳುತ್ತಿದ್ದಂತೆಯೇ ಮಾರಿತ್, ಏನು ವಿಷಯ ಎಂದೂ ಕೇಳದೆ ಐಲಾಳನ್ನು ಹೊಗಳತೊಡಗಿದಳು. ಹೇಳಿದ ದಿನಕ್ಕೆ ಮುಂಚೆಯೇ ಮುಗಿಸುವವಳು, ಅವಳ ಕಿವಿಯಂಥ ಕಿವಿ ಈ ದಂಡೆಯಲ್ಲೇ ಇಲ್ಲ, ತನಗಿಂತ ದೊಡ್ಡ ಕೆಲಸಗಾರ್ತಿ, ಅದನ್ನು ಒಪ್ಪಿಕೊಳ್ಳಲು ತನಗೆ ಬಹಳ ದಿನ ಹಿಡಿಯಿತು. ಕೊನೆಯ ಮಾತು ಹೇಳುವಾಗ ಅವಳ ದನಿ ಒಡೆಯಿತು. ಇಷ್ಟು ದಿನ ಕೇಳಬೇಕೆಂದು ಹಂಬಲಿಸಿದ್ದ ಮಾತುಗಳನ್ನೆಲ್ಲ ಇಂಥ ಬಾಯಿಂದ ಕೇಳಬೇಕಾಯಿತಲ್ಲ ಎಂದು ಐಲಾಳ ಕಣ್ಣು ಉರಿಯಿತು.

ಆ ಕಡೆ ಮಿಸೆಸ್ ಪೆಲ್ಟೋಲಾ ನಿಟ್ಟುಸಿರು ಬಿಟ್ಟಳು.

"ಇದೆಲ್ಲ ಕೇಳಿ ಇನ್ನೂ ಬೇಜಾರಾಯ್ತಮ್ಮ. ನಿನ್ನೆ ಆ ಹುಡುಗಿಯೇ ಫೋನ್ ಮಾಡಿ, ಕೆಲಸ ನಂಗೆ ಬೇಡ ಅಂದ್ಲು."

ಮಾರಿತ್ ಐಲಾಳ ಕಡೆ ತಿರುಗಿದಳು. ಐಲಾ ಇಲ್ಲವೆಂದು ತಲೆಯಾಡಿಸಿದಳು.

"ಯಾರು ಬೇಡ ಅಂದಿದ್ದು?" ಎಂದು ಮಾರಿತ್ ಕೇಳಿದಳು.

"ಐಲಾನೇ. ಅವಳ ದನಿ ನಂಗೆ ಗೊತ್ತಾಗಲ್ವಾ? ತನ್ನ ಬದಲಿಗೆ ಒಬ್ಬನನ್ನ ತಗೊಳ್ಳಿ ಅಂತ ಅವಳೇ ಹೆಸರು ಕೊಟ್ಲು. ಬೆಳಿಗ್ಗೆಯಿಂದ ಇಲ್ಲೇ ಇದಾನೆ, ಮೇಲೆ ದೀಪದ ಹತ್ರ ಚಿತ್ರ ತೆಗೀತಾ ಇದಾನೆ. ಒಳ್ಳೇವನ ಹಾಗೆ ಕಾಣ್ತಾನೆ. ಸಹಿ ಹಾಕೋ ಮುಂಚೆ ನಿಮ್ಮನ್ನ ಒಂದು ಮಾತು ಕೇಳೋಣ ಅಂತ ಮಾಡ್ದೆ. ತೌ ಷ್ಯೋಂಗ್ ಅಂತ. ನಿಮ್ಮ ಹತ್ರಾನೇ ಇದ್ನಂತಲ್ಲ, ಹೇಗೆ ಹುಡುಗ?"

ಮಾರಿತ್ ಹೇಳಿದ ಆ ಮೊದಲ ಎರಡು ಕಲ್ಲು ಯಾರ ಕೈಯವೆಂದು ಐಲಾಗೆ ಈಗ ಹೊಳೆಯಿತು.

ಐಲಾಳ ತಲೆಯಲ್ಲಿ ಎಗ್‌ರೋಲು, ನಿನ್ನೆ ಬಾಗಿಲು ತಟ್ಟಿದ ಸದ್ದು, ಕಾಲುವೆಯ ಗೋಡೆಯ ಮೇಲಿನ ನಗು ಎಲ್ಲ ಒಟ್ಟಿಗೆ ನುಗ್ಗಿದವು. ಒಬ್ಬ ಗೆಳತಿಯನ್ನು ಕಳೆದುಕೊಂಡು ಇನ್ನೂ ಒಂದು ಗಂಟೆಯಾಗಿರಲಿಲ್ಲ, ಈಗ ಗೆಳೆಯನೂ ಹೋದ.

ಮಾರಿತ್ ಫೋನಿನ ಬಾಯಿಗೆ ಅಂಗೈ ಮುಚ್ಚಿ, ಕಣ್ಣಲ್ಲೇ ಕೇಳಿದಳು. ಏನು ಹೇಳಲಿ? ನನಗೆ ಮಾಡಿದ್ದನ್ನು ಅವನಿಗೂ ಮಾಡು ಎಂದು ಐಲಾ ಒಮ್ಮೆ ತಲೆ ಆಡಿಸಿದ್ದರೆ ಸಾಕಿತ್ತು. ಹನ್ನೊಂದು ಸೆಕೆಂಡಿನ ಕೆಲಸ. ಹೇಗೆ ಹೇಳಬೇಕೆಂದು ಮಾರಿತ್‌ಗೆ ಬಾಯಿಪಾಠವಿತ್ತು.

ಐಲಾ ಅವಳ ಕೈಯಿಂದ ರಿಸೀವರ್ ಕಿತ್ತುಕೊಂಡಳು.

"ಮಿಸೆಸ್ ಪೆಲ್ಟೋಲಾ, ನಾನು ಐಲಾ ಕಂಗಾಸ್. ನಿನ್ನೆ ನಿಮ್ಮ ಹತ್ರ ಮಾತಾಡಿದ್ದು ನಾನಲ್ಲ. ನೀವೀಗ ಫೋನ್ ಮಾಡಿರೋ ಈ ಕಂಪನಿ..."

ಮಾರಿತ್‌ಳ ಬೆರಳು ಗುಂಡಿಯ ಮೇಲೆ ಬಿತ್ತು. ಲೈನು ಸತ್ತಿತು.

"ಒಂಬತ್ತು ಜನರ ಅನ್ನ ಕಣೇ," ಎಂದಳು ಮಾರಿತ್. ಅವಳ ತುಟಿ ಬಿಳಿಚಿಕೊಂಡಿತ್ತು. "ನಿನ್ನೊಬ್ಬಳಿಗೋಸ್ಕರ ಎಲ್ಲರದ್ದೂ ಮುಳುಗಿಸಕ್ಕೆ ಬಿಡಲ್ಲ."

ಮತ್ತೆ ಫೋನು ಬಡಿದುಕೊಳ್ಳತೊಡಗಿತು. ಮಾರಿತ್ ಅದರ ಮೇಲೆ ಎರಡೂ ಅಂಗೈ ಊರಿ, ಮೈಭಾರವನ್ನೆಲ್ಲ ಹಾಕಿ ನಿಂತಳು.

"ಕೈ ತೆಗಿ," ಎಂದಳು ಐಲಾ.

ಮಾರಿತ್ ಕೈ ತೆಗೆಯಲಿಲ್ಲ. ಐಲಾ ಅವಳನ್ನು ಅಲ್ಲೇ ಬಿಟ್ಟು, ಪೆಲ್ಟೋಲಾಳ ನಂಬರಿದ್ದ ತನ್ನ ಫೋನನ್ನು ಎತ್ತಿಕೊಳ್ಳಲು ಅಡುಗೆಮನೆಯ ಮೇಜಿನತ್ತ ನಡೆದಳು.